ಮೂರು ಓಡುವಾಗ ರೋಲರ್ ಬೇಡ

ಆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ದುಪ್ಪಟಿಯಕ್ಕ ಎಂದೇ ಕರೆಯುತ್ತಿದ್ದರು. ಊರಿನ ನಾಲ್ಕು ಆಸ್ಪತ್ರೆಗಳ ಹಾಸಿಗೆಬಟ್ಟೆ ಅಲ್ಲಿಗೆ ಬರುತ್ತಿತ್ತು. ಒಗೆದು, ಒಣಗಿಸಿ, ಬಿಸಿ ರೋಲರಿನ ಅಡಿ ಹಾಯಿಸಿದ ದುಪ್ಪಟಿಗಳನ್ನು ನಾಲ್ಕು ಮಡಿಕೆ ಮಾಡಿ ಪೇರಿಸುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಕಿಟಕಿಯ ಹೊರಗೆ ನೋಡುತ್ತ ಮಡಿಸಿದರೂ ಅಂಚಿಗೆ ಅಂಚು ಕೂಡುವಷ್ಟು ಅವಳ ಕೈ ಪಳಗಿತ್ತು.

ಅವಳ ಗಂಡ ಅದೇ ಕಾರ್ಖಾನೆಯ ಎಲೆಕ್ಟ್ರಿಷಿಯನ್. ಹಿತ್ತಲ ಕಡೆ, ಬಾಯ್ಲರ್ ಕೋಣೆಯ ಗೋಡೆಗೆ ಒತ್ತಿಕೊಂಡಂತೆ ಎರಡು ಕೋಣೆಯ ಮನೆ ಇತ್ತು. ಅದು ಆ ಕೆಲಸದ ಜೊತೆಗೇ ಬಂದದ್ದು. ಕೆಲಸ ಯಾರದೋ, ಮನೆಯೂ ಅವರದೇ. ಆ ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ ಮೂವರಿದ್ದರು. ಮಕ್ಕಳಾಗಿರಲಿಲ್ಲ.

ಗಂಡ ಕೊಂಚ ವಿಚಿತ್ರ ಮನುಷ್ಯ. ಏನು ಮುರಿದರೂ ಕಪ್ಪು ಟೇಪು ಸುತ್ತುತ್ತಿದ್ದ. ಛತ್ರಿಯ ಹಿಡಿಗೆ ಟೇಪು, ಚಾಕುವಿನ ಹಿಡಿಗೆ ಟೇಪು, ತಾಯಿಯ ಊರುಗೋಲಿಗೆ ಎರಡು ಕಡೆ ಟೇಪು. ಸುತ್ತಿ ಮುಗಿಸುವಾಗ ಟೇಪಿನ ತುದಿಯನ್ನು ಒಳಕ್ಕೆ ಮಡಚಿ, ಉಗುರಿನಷ್ಟು ಅಗಲದ ಒಂದು ಕಿವಿ ಬಿಡುತ್ತಿದ್ದ. ಏಕೆಂದು ಕೇಳಿದರೆ, "ನಾಳೆ ಬಿಚ್ಚೋನು ನನ್ನ ಬೈಬಾರದು ನೋಡು" ಎನ್ನುತ್ತಿದ್ದ. ಬಿಚ್ಚುವವನೂ ಸಾಮಾನ್ಯವಾಗಿ ಅವನೇ ಆಗಿರುತ್ತಿದ್ದ.

ಅವನು ತೀರಿಕೊಂಡದ್ದು ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ. ಏಣಿಯಿಂದ ಬಿದ್ದದ್ದಲ್ಲ, ತಂತಿ ಮುಟ್ಟಿದ್ದೂ ಅಲ್ಲ. ಬಾಯ್ಲರ್ ಕೋಣೆಯ ಬೆಂಚಿನ ಮೇಲೆ ಚಹಾದ ಲೋಟ ಇಟ್ಟು, "ಸ್ವಲ್ಪ ಕೂತ್ಕೋತೀನಿ" ಎಂದು ಕುಳಿತವನು ಏಳಲಿಲ್ಲ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಹಳೆಯ ಗೆಳೆಯ, ಎಲ್ಲರ ಬಾಯಲ್ಲಿ ಬಾಯ್ಲರಣ್ಣ, ಐದು ನಿಮಿಷ ಅವನೊಡನೆ ಮಾತನಾಡುತ್ತಲೇ ಇದ್ದನಂತೆ. ಉತ್ತರ ಬಾರದಾಗ ತಿರುಗಿ ನೋಡಿದನಂತೆ.

ದುಪ್ಪಟಿಯಕ್ಕ ಅಳಲಿಲ್ಲ. ಅಳು ಬರುತ್ತದೆಂದು ಅವಳೂ ಕಾದಳು, ಸುತ್ತಲಿನವರೂ ಕಾದರು. ಒಂದು ವಾರ ಬಿಟ್ಟು ಕೆಲಸಕ್ಕೆ ಬಂದು ತನ್ನ ಮೇಜಿನ ಮುಂದೆ ನಿಂತಳು. ರೋಲರಿನಿಂದ ಬಂದ ಬಟ್ಟೆ ಕೆಂಡದಂತಿರುತ್ತದೆ. ಮಡಿಸುವವರು ಹತ್ತಿಯ ಕೈಗವಸು ಹಾಕಿಕೊಳ್ಳಬೇಕು. ಅವಳು ಮರೆತಿದ್ದಳು.

"ಕೈ ಸುಡಲ್ವಾ ಅಕ್ಕಾ?" ಎಂದು ಪಕ್ಕದವಳು ಕೇಳಿದಳು.

"ಇಲ್ಲ."

ಸಂಜೆ ಕೆಂಪಾದ ಅಂಗೈಗಳನ್ನು, ಬೇರೆ ಯಾರೋ ಬಿಟ್ಟು ಹೋದ ಸಾಮಾನನ್ನು ನೋಡುವಂತೆ ನೋಡಿದಳು. ಹೇಗಿದ್ದೀಯ ಎಂದು ದಿನಕ್ಕೆ ಹತ್ತು ಜನ ಕೇಳುತ್ತಿದ್ದರು. ಚೆನ್ನಾಗಿದ್ದೀನಿ ಎನ್ನುತ್ತಿದ್ದಳು. ಅದು ಸುಳ್ಳೆಂದೂ ಅವಳಿಗೆ ಅನ್ನಿಸುತ್ತಿರಲಿಲ್ಲ.

ಒಂದು ತಿಂಗಳಾದ ಮೇಲೆ ಮ್ಯಾನೇಜರ್ ಕರೆಸಿದ. ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತ ಮಾತು ತೆಗೆದ. "ಆ ಜಾಗ ಖಾಲಿ ಇಡೋಕಾಗಲ್ಲಮ್ಮ. ಒಬ್ಬ ಗುತ್ತಿಗೆದಾರ ಸಿಕ್ಕಿದ್ದಾನೆ. ಅವನ ಆಳು ಬಂದ್ರೆ ಮನೆ ಬಿಡಬೇಕಾಗುತ್ತೆ. ನಿನ್ನ ಮಡಿಸೋ ಕೆಲಸಕ್ಕೇನೂ ತೊಂದರೆ ಇಲ್ಲ."

"ಅತ್ತೆ ಎಲ್ಲಿಗೆ ಹೋಗ್ತಾರೆ ಸಾರ್?"

ಮ್ಯಾನೇಜರ್ ಪೆನ್ನುಗಳನ್ನು ಇನ್ನೊಮ್ಮೆ ಜೋಡಿಸಿದ.

"ಆ ಕೆಲಸ ನಾನೇ ಕಲೀತೀನಿ" ಎಂದು ಯಾರೋ ಹೇಳಿದ್ದು ಕೇಳಿಸಿತು. ಹೇಳಿದವಳು ತಾನೇ ಎಂದು ಅವಳಿಗೆ ತುಸು ತಡವಾಗಿ ಗೊತ್ತಾಯಿತು.

ಮ್ಯಾನೇಜರ್ ಕೆಟ್ಟವನಲ್ಲ. ನಗಲಿಲ್ಲ, ಯೋಚಿಸಿದ. ಮೂರು ತಿಂಗಳ ಬಳಿಕ ಐದನೆಯ ಆಸ್ಪತ್ರೆಯ ಬಟ್ಟೆಯೂ ಬರುವುದಿತ್ತು. ಆಗ ಮೂರನೆಯ ಒಣಗಿಸುವ ಯಂತ್ರವೂ ರೋಲರೂ ದಿನವಿಡೀ ಒಟ್ಟಿಗೆ ಓಡಲೇಬೇಕು. ಈಗ ಓಡುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಮೂರನೆಯದು ಗೊಣಗಿ, ಬಿಸಿಯಾಗಿ, ನಿಂತುಬಿಡುತ್ತಿತ್ತು. ಯಂತ್ರಗಳಿದ್ದ ಹಾಲ್‌ನ ಬಾಗಿಲ ಬಳಿಯ ಕಪ್ಪುಹಲಗೆಯ ಮೇಲೆ ನಾಲ್ಕು ವರ್ಷದಿಂದ ಒಂದು ನಿಯಮವಿತ್ತು: "ಮೂರು ಓಡುವಾಗ ರೋಲರ್ ಬೇಡ". ಬರೆದವನು ಅವಳ ಗಂಡ. ‘ಬೇಡ’ದ ಕೆಳಗೆ ಎರಡು ಗೆರೆ. ಎಲ್ಲರೂ ಅದನ್ನು ಪಾಲಿಸುತ್ತಿದ್ದರು. ಏಕೆಂದು ಯಾರೂ ಕೇಳುತ್ತಿರಲಿಲ್ಲ.

"ಮೋಟರ್ ಎರಡು ಸಲ ಬದಲಾಯಿಸಿದ್ದಾಯ್ತು. ಹೊಸ ಲೈನೇ ಎಳೀಬೇಕು ಅಂತಾನೆ ಗುತ್ತಿಗೆದಾರ" ಎಂದ ಮ್ಯಾನೇಜರ್. "ಮೂರು ತಿಂಗಳು ಕೊಡ್ತೀನಿ. ಸಂಜೆ ಶಾಲೇಲಿ ಕೋರ್ಸ್ ಮುಗಿಸು. ಎರಡೂ ಒಟ್ಟಿಗೆ ಓಡ್ಸು. ಓಡಿಸಿದ್ರೆ ಕೆಲಸ ನಿಂದು, ಮನೆ ನಿಂದು. ಇಲ್ಲದಿದ್ರೆ ನನ್ನ ಬೈಕೋಬೇಡ."

ಸುದ್ದಿ ಕೇಳಿ ಅತ್ತೆ ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದಳು. "ಬಲ್ಬು ಸುಟ್ಟರೆ ಕತ್ತಲಲ್ಲೇ ಕೂತಿರ್ತಿದ್ದೋಳು ನೀನು, ಅವನು ಬರೋ ತನಕ."

"ಹೌದತ್ತೆ."

"ಈಗ ಕಾರ್ಖಾನೆಗೇ ಬೆಳಕು ಕೊಡ್ತೀಯೇನೇ?"

"ಕೊಡಬೇಕಲ್ಲ."

"ಸರಿ, ಆ ಚಹಾ ಕುಡಿ. ಆರಿ ಕಲ್ಲಾಗಿದೆ. ನಿನ್ನೆ ಕುದೀತಾ ಇರೋದನ್ನ ಗಟಗಟ ಕುಡಿದೆ. ನಿನ್ನ ನಾಲಿಗೆ ಮನೇಲಿಲ್ಲ ಅಂತ ಕಾಣುತ್ತೆ."

ಸಂಜೆ ಶಾಲೆ ಎಂದರೆ ಒಂದು ಉದ್ದ ಕೋಣೆ. ಉಗುರಿನಿಂದ ಕೆತ್ತಿದ ಹೆಸರುಗಳ ಬೆಂಚುಗಳು, ಗೋಡೆಗೆ ಮೊಳೆ ಹೊಡೆದ ಹಲಗೆಯ ಮೇಲೆ ಆರು ಬಲ್ಬುಗಳು, ತಲೆಯ ಮೇಲೆ ಒಂದು ಫ್ಯಾನು. ಆ ಫ್ಯಾನು ತಿರುಗಿದ್ದನ್ನು ಯಾರೂ ಕಂಡಿರಲಿಲ್ಲ. ಮೇಷ್ಟ್ರು ಸಣಕಲು ದೇಹದ, ಕೋಟಿನ ತೋಳಿಗೆ ಸೀಮೆಸುಣ್ಣ ಮೆತ್ತಿಕೊಂಡ ಮನುಷ್ಯ. "ಆ ಫ್ಯಾನಿನ ಮೇಲೆ ಕಣ್ಣು ಹಾಕಬೇಡಿ. ಅದು ನಿಮ್ಮ ಕೊನೇ ಪರೀಕ್ಷೆ" ಎಂದು ಮೊದಲ ದಿನವೇ ಹೇಳಿದರು.

ಬೆಂಚಿನಲ್ಲಿ ಅವಳೊಬ್ಬಳೇ ಹೆಂಗಸು, ಎಲ್ಲರಿಗಿಂತ ಹಿರಿಯಳು. ಪಾಠ ಸುಲಭವಾಗಿರಲಿಲ್ಲ. ವೋಲ್ಟೇಜು, ಪ್ರವಾಹ, ರೋಧ. ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟೇಜು. ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಮಂಕಾಗುತ್ತವೆ, ಪಕ್ಕಪಕ್ಕಕ್ಕೆ ಜೋಡಿಸಿದರೆ ಪೂರ್ತಿ ಉರಿಯುತ್ತವೆ. ದಿನಕ್ಕೆ ಹತ್ತು ಲೆಕ್ಕ. ದುಪ್ಪಟಿ ಮಡಿಸಿದಂತೆಯೇ ಅವಳು ಲೆಕ್ಕ ಮಾಡಿದಳು. ಅಂಚಿಗೆ ಅಂಚು ಕೂಡುತ್ತಿತ್ತು, ಉತ್ತರ ಸರಿ ಬರುತ್ತಿತ್ತು, ಏತಕ್ಕೆಂದು ಮಾತ್ರ ತಿಳಿಯುತ್ತಿರಲಿಲ್ಲ. ಒಂದು ದಿನ ನೇರವಾಗಿ ಕೇಳಿಯೇಬಿಟ್ಟಳು.

"ಈ ಲೆಕ್ಕ ಎಲ್ಲಿಗೆ ಬರುತ್ತೆ ಮೇಷ್ಟ್ರೇ? ಕಾರ್ಖಾನೇಲಿ ಯಾವ ಯಂತ್ರಾನೂ ‘ಎಕ್ಸ್ ಎಷ್ಟು’ ಅಂತ ಕೇಳಲ್ಲ."

ಹಿಂದಿನ ಬೆಂಚಿನವರು ನಕ್ಕರು. ಮೇಷ್ಟ್ರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟರು. "ಒಳ್ಳೇ ಮಾತು. ಇನ್ನು ಪುಸ್ತಕದ ಲೆಕ್ಕ ಸಾಕು. ಒಬ್ಬೊಬ್ಬರೂ ನೀವು ಕೆಲಸ ಮಾಡೋ ಜಾಗದಿಂದ ಒಂದೊಂದು ಲೆಕ್ಕ ತನ್ನಿ. ಕೆಟ್ಟಿರೋ ವಸ್ತು ಆಗಿರಬೇಕು, ನೀವೇ ಅಳೆದಿರಬೇಕು. ಬರೆಯೋಕೆ ಐದು ಸಾಲು: ಉದ್ದೇಶ, ಉಪಕರಣ, ವಿಧಾನ, ಅಳತೆ, ತೀರ್ಮಾನ. ಕಥೆ ಬೇಡ."

ಅವಳು ಮೂರನೆಯ ಯಂತ್ರವನ್ನು ತಂದಳು. ಅಂದರೆ, ಗಂಡನ ಚೀಲದಲ್ಲಿದ್ದ ಮೀಟರನ್ನು ತೆಗೆದುಕೊಂಡು, ಬಾಯ್ಲರಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಊಟದ ವಿರಾಮದಲ್ಲಿ ಯಂತ್ರಗಳೆಲ್ಲ ನಿಂತಾಗ ಅದರ ಪೆಟ್ಟಿಗೆಯನ್ನು ತೆರೆದು ಅಳೆದಳು. ಮೂರು ತಂತಿಗಳು. ಇನ್ನೂರ ಮೂವತ್ತು, ಇನ್ನೂರ ಮೂವತ್ತು, ಇನ್ನೂರ ಮೂವತ್ತು. ಒಂದು ವೋಲ್ಟೂ ಹೆಚ್ಚುಕಡಿಮೆ ಇಲ್ಲ. ನೋಟ್‌ಪುಸ್ತಕದಲ್ಲಿ ಅಂದವಾಗಿ ಬರೆದಳು. ತೀರ್ಮಾನ: ಲೈನು ಸರಿಯಾಗಿದೆ.

ಮೇಷ್ಟ್ರು ಓದಿದರು. "ಅಳೆಯುವಾಗ ಯಂತ್ರ ಓಡ್ತಿತ್ತೇನಮ್ಮ?"

"ಇಲ್ಲ, ನಿಂತಿತ್ತು. ನಿಂತಾಗ್ಲೇ ಅಲ್ವಾ ಅಳೆಯೋಕೆ ಸುಲಭ."

"ನಿಂತಾಗ ಪ್ರವಾಹ ಎಷ್ಟು?"

"ಸೊನ್ನೆ."

"ರೋಧ ಎಷ್ಟೇ ಇರಲಿ, ಸೊನ್ನೆಯಿಂದ ಗುಣಿಸಿದ್ರೆ?"

ಅವಳು ನೋಟ್‌ಪುಸ್ತಕ ಹಿಂದಕ್ಕೆ ತೆಗೆದುಕೊಂಡಳು. ಪುಟವನ್ನೇ ನೋಡುತ್ತ ನಿಂತಳು. ದಾರಿಯಲ್ಲಿ ಎಲ್ಲೋ ಏನೋ ಕೆಟ್ಟಿದ್ದರೂ, ಏನೂ ಹರಿಯದಿದ್ದಾಗ ಅದು ಒಂದು ವೋಲ್ಟನ್ನೂ ತಿನ್ನುವುದಿಲ್ಲ. ಮೀಟರು ಎಲ್ಲ ಸರಿಯಾಗಿದೆ ಎಂದೇ ಹೇಳುತ್ತದೆ.

"ಹೊರೆ ಹೊತ್ತಾಗ ಅಳೀಬೇಕು" ಎಂದರು ಮೇಷ್ಟ್ರು ಮೆಲ್ಲಗೆ. "ಈ ತಪ್ಪು ಹಳಬರೂ ಮಾಡ್ತಾರೆ. ಯಂತ್ರ ಓಡುವಾಗ ಪೆಟ್ಟಿಗೆ ತೆಗೆಯೋಕೆ ಭಯ. ಭಯ ಇರಬೇಕು, ಅದಕ್ಕೇ ಒಬ್ಬರನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ. ಒಂದು ಕೈ ಬೆನ್ನ ಹಿಂದೆ ಇರಲಿ."

"ನಂಗೆ ಭಯ ಆಗಲ್ಲ ಮೇಷ್ಟ್ರೇ."

ಮೇಷ್ಟ್ರು ಅವಳ ಮುಖ ನೋಡಿದರು. "ಆಗದಿದ್ರೆ ಇನ್ನೂ ಹುಷಾರಾಗಿರಬೇಕು. ಭಯ ಮಾಡೋ ಕೆಲಸಾನೂ ನೀವೇ ಮಾಡ್ಬೇಕಾಗುತ್ತೆ. ಕಾಗದದ ಮೇಲೆ ಒಂದೊಂದೇ ಹೆಜ್ಜೆ ಬರ್ಕೊಂಡು ಹೋಗಿ."

ಬರೆದುಕೊಂಡಳು. ಹನ್ನೆರಡು ಹೆಜ್ಜೆಗಳಾದವು. ಮೂರು ತಿಂಗಳ ಗಡುವಿನ ಕೊನೆಯ ಭಾನುವಾರ ಬಂತು; ಕೋರ್ಸು ಮುಗಿದಿತ್ತು, ಕಾರ್ಖಾನೆಗೆ ರಜೆ. ಮರುದಿನ ಸೋಮವಾರವೇ ಗುತ್ತಿಗೆದಾರ ಬರುವುದೆಂದು ನಿಶ್ಚಯವಾಗಿತ್ತು. ಅವಳು ಬೆಳಗ್ಗೆ ಒಂಬತ್ತಕ್ಕೆ ಗಂಡನ ರಬ್ಬರ್ ಬೂಟು ಹಾಕಿಕೊಂಡು ಹೊರಟಳು. ಬೂಟು ಎರಡು ಅಳತೆ ದೊಡ್ಡದು. ಮುಂದಕ್ಕೆ ಹರಕು ದುಪ್ಪಟಿಯ ಚೂರು ತುರುಕಿದ್ದಳು.

ಬಾಯ್ಲರಣ್ಣ ಆಗಲೇ ಬಂದು ಕಾಯುತ್ತಿದ್ದ. "ಒಳ್ಳೆ ಬಾತುಕೋಳಿ ಬಂದ ಹಾಗೆ ಬರ್ತಿದೀಯಲ್ಲ ತಂಗಿ."

"ನಗು ಅಣ್ಣ, ಪರವಾಗಿಲ್ಲ. ನಾ ಬಿದ್ದೆ ಅಂದ್ರೆ ಮಾತ್ರ ನಗಬೇಡ. ಮೊದಲು ಮೇನ್ ಆಫ್ ಮಾಡು."

"ಇದೂ ಬರೆದಿದೆಯಾ?"

"ಏಳನೇ ಸಾಲು."

ಖಾಲಿ ಹಾಲ್‌ನಲ್ಲಿ ಮೂರನೆಯ ಯಂತ್ರವೊಂದನ್ನೇ ಓಡಿಸಿದರು. ಅವಳು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಅಳೆದಳು. ಎರಡು ತಂತಿ ಇನ್ನೂರ ಮೂವತ್ತರಲ್ಲೇ ನಿಂತವು. ಮೂರನೆಯದು ಇನ್ನೂರ ಇಪ್ಪತ್ತೆರಡು. ತಂತಿಗೆ ಕೊಕ್ಕೆಯಂತೆ ಸಿಕ್ಕಿಸುವ ಇನ್ನೊಂದು ಮೀಟರು ಹತ್ತು ಆಂಪಿಯರ್ ತೋರಿಸಿತು. "ಈಗ ರೋಲರ್ ಹಾಕು" ಎಂದಳು. ರೋಲರಿಗೂ ಅದೇ ತಂತಿಗಳಿಂದಲೇ ವಿದ್ಯುತ್ ಹೋಗುತ್ತಿತ್ತು. ಯಂತ್ರ ಗೊಣಗತೊಡಗಿತು. ಆಂಪಿಯರ್ ಇಪ್ಪತ್ತು. ಅದೇ ತಂತಿ ಇನ್ನೂರ ಹದಿನಾಲ್ಕಕ್ಕೆ ಇಳಿಯಿತು. ಬಾಯ್ಲರಣ್ಣ ವಿದ್ಯುತ್ತಿನ ಮುಖ್ಯ ಹಲಗೆಯ ಬಳಿಗೆ ಹೋಗಿ ಅಲ್ಲಿನ ಮೀಟರು ಓದಿದ. ಅಲ್ಲಿ ಇನ್ನೂರ ಮೂವತ್ತು ಕದಲಿರಲಿಲ್ಲ.

ಎರಡನ್ನೂ ನಿಲ್ಲಿಸಿ, ಅವಳು ಬಟ್ಟೆಗಾಡಿಯ ಅಂಚಿನ ಮೇಲೆ ಕುಳಿತು ನೋಟ್‌ಪುಸ್ತಕ ತೆರೆದಳು. ಹತ್ತು ಆಂಪಿಯರಿಗೆ ಎಂಟು ವೋಲ್ಟು. ಇಪ್ಪತ್ತಕ್ಕೆ ಹದಿನಾರು. ಹೊರೆ ಇಮ್ಮಡಿಯಾದರೆ ನಷ್ಟವೂ ಇಮ್ಮಡಿ. ಇಂಥ ಲೆಕ್ಕ ಎರಡು ತಿಂಗಳಲ್ಲಿ ನಾನೂರು ಮಾಡಿದ್ದಳು. ಹದಿನಾರನ್ನು ಇಪ್ಪತ್ತರಿಂದ ಭಾಗಿಸಿದರೆ ಸೊನ್ನೆ ಪಾಯಿಂಟ್ ಎಂಟು ಓಮ್. ಅಷ್ಟು ದಪ್ಪದ ತಾಮ್ರದ ತಂತಿಗೆ ಅಷ್ಟು ರೋಧ ಇರಬೇಕಾದರೆ ಅದು ಊರಾಚೆಯವರೆಗೆ ಹೋಗಿ ಬರಬೇಕು. ಇದೋ, ನಲವತ್ತು ಹೆಜ್ಜೆಯ ದಾರಿ.

"ಮೋಟರಲ್ಲ ಅಣ್ಣ, ಲೈನೂ ಅಲ್ಲ" ಎಂದಳು. "ಮುಖ್ಯ ಹಲಗೆಗೂ ಈ ಪೆಟ್ಟಿಗೆಗೂ ನಡುವೆ ಒಂದು ಜೋಡಣೆ ಸಡಿಲಾಗಿದೆ. ಅಲ್ಲಿ ಮುನ್ನೂರು ವ್ಯಾಟು ಸುಮ್ಮನೆ ಬಿಸಿಯಾಗ್ತಿದೆ."

ಬಾಯ್ಲರಣ್ಣ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ.

ಅವಳು ಮೇನ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈಯನ್ನು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು. ಅದು ಎಂಟನೆಯ ಸಾಲು. ತಂತಿ ಹೋದ ಕೊಳವೆಯನ್ನು ಗೋಡೆಯುದ್ದಕ್ಕೂ ಹಿಂಬಾಲಿಸಿದಳು. ಎರಡನೆಯ ಯಂತ್ರದ ಹಿಂದೆ, ತಲೆಗಿಂತ ಮೇಲೆ, ಬಟ್ಟೆಯಿಂದ ಉದುರಿದ ನವಿರು ದಪ್ಪಕ್ಕೆ ಮೆತ್ತಿ ಕುಳಿತ ಒಂದು ತಗಡಿನ ಡಬ್ಬಿ ಇತ್ತು. ಏಣಿ ಹತ್ತಿ, ಮೇಷ್ಟ್ರು ಹೇಳಿದಂತೆ ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಮುಟ್ಟಿ ನೋಡಿದಳು. ಡಬ್ಬಿ ಸುಡುತ್ತಿತ್ತು. ಸುಡುತ್ತಿದೆ ಎಂದು ಅವಳ ಕೈಗೇ ಗೊತ್ತಾಯಿತು.

ಮುಚ್ಚಳ ತೆಗೆದಳು. ಮೊದಲು ಟೆಸ್ಟರನ್ನು ಬಾಯ್ಲರ್ ಕೋಣೆಯ ಬೇರೆ ಲೈನಿನಲ್ಲಿ ಉರಿಸಿ ನೋಡಿಕೊಂಡು, ಬಳಿಕ ಇಲ್ಲಿ ಮುಟ್ಟಿಸಿ, ವಿದ್ಯುತ್ ಇಲ್ಲವೆಂದು ಖಾತರಿ ಮಾಡಿಕೊಂಡಳು. ಒಳಗೆ ಮೂರು ಜೋಡಣೆಗಳು. ಎರಡಕ್ಕೆ ತಾಮ್ರದ ಕೊಳವೆ ತೊಡಿಸಿ ಬಿಗಿಯಾಗಿ ಒತ್ತಿದ್ದರು. ಮೂರನೆಯದನ್ನು ಬರಿಯ ಕೈಯಿಂದ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಲಾಗಿತ್ತು. ಟೇಪು ಕಂದು ತಿರುಗಿ, ಸುಟ್ಟ ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಅದರ ತುದಿ ಒಳಕ್ಕೆ ಮಡಚಿತ್ತು. ಉಗುರಿನಗಲದ ಕಿವಿ.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಏಣಿಯ ಮೇಲೆ ನಿಂತು ಆ ಕಿವಿಯನ್ನು ನೋಡಿದಳು. ಅವಳ ಬಾಯಿಂದ ಬಂದದ್ದು, "ಅಣ್ಣ, ಒಂಬತ್ತನೇ ಸಾಲಲ್ಲಿ ಏನಿದೆ ನೋಡು" ಎಂಬ ಮಾತು.

ಅವನು ಓದಿದ. "ಹಳೇ ಟೇಪು ಬಿಚ್ಚುವುದು."

ಎರಡು ಬೆರಳಲ್ಲಿ ಕಿವಿ ಹಿಡಿದು ಎಳೆದಳು. ಸುಟ್ಟಿದ್ದರೂ, ಗಂಡ ಹೇಳುತ್ತಿದ್ದ ಮಾತಿನಂತೆ, ಸಲೀಸಾಗಿ ಬಿಚ್ಚಿಕೊಂಡಿತು. ಒಳಗೆ ತಾಮ್ರ ಕಪ್ಪಾಗಿ ಪುಡಿಯಾಗಿತ್ತು. ಕೆಟ್ಟ ತುದಿ ಕತ್ತರಿಸಿ, ಹೊಳೆಯುವ ತನಕ ಕೆರೆದು, ಕೊಳವೆ ತೊಡಿಸಿ, ಗಂಡನ ಚೀಲದ ದೊಡ್ಡ ಇಕ್ಕಳದಿಂದ ಮೂರು ಕಡೆ ಒತ್ತಿದಳು. ಎರಡೂ ಕೈ ಸೇರಿಸಿ ಒತ್ತಬೇಕಾಯಿತು. ಎಳೆದು ನೋಡಿದಳು. ಅಲ್ಲಾಡಲಿಲ್ಲ. ಹೊಸ ಟೇಪು ಸುತ್ತಿದಳು. ಸುತ್ತಿ ಮುಗಿಸುವಾಗ ಕೈ ಒಂದು ಗಳಿಗೆ ನಿಂತಿತು, ಆಮೇಲೆ ತಾನಾಗಿಯೇ ತುದಿಯನ್ನು ಮಡಚಿತು.

ಎರಡೂ ಯಂತ್ರಗಳನ್ನು ಒಟ್ಟಿಗೆ ಓಡಿಸಿದರು. ಇನ್ನೂರ ಇಪ್ಪತ್ತೊಂಬತ್ತು. ಗಂಟೆಯಾಯಿತು, ಎರಡು ಗಂಟೆಯಾಯಿತು. ಮೂರನೆಯದು ಗೊಣಗಲಿಲ್ಲ. ಸೋಮವಾರ ಬೆಳಗ್ಗೆ ಮ್ಯಾನೇಜರ್ ಬಂದಾಗಲೂ ಎರಡೂ ಓಡುತ್ತಿದ್ದವು. ಗುತ್ತಿಗೆದಾರ ಐದು ನಿಮಿಷ ನಿಂತು ಕೇಳಿಸಿಕೊಂಡು, ತನಗೆ ಬೇರೆಲ್ಲೋ ಕೆಲಸವಿದೆಯೆಂದು ಹೊರಟುಹೋದ.

ಮ್ಯಾನೇಜರ್ ಅವಳ ಐದು ಸಾಲಿನ ವರದಿಯನ್ನು ಎರಡು ಸಲ ಓದಿದ. "ಜೋಡಣೆ ಸಡಿಲ ಅಂತ ಬರೆದಿದೀಯ. ಯಾವ ಪುಣ್ಯಾತ್ಮನ ಕೆಲಸಮ್ಮ ಇದು? ನಾಲ್ಕು ವರ್ಷ ಅರ್ಧ ಕಾರ್ಖಾನೆ ನಿಲ್ಲಿಸಿದ್ದಾನಲ್ಲ. ಎರಡು ಮೋಟರ್ ನೀರಿಗೆ ಹಾಕಿದ ಹಾಗಾಯ್ತು."

ಯಾರು ಎಂಬುದಕ್ಕೆ ಮೇಷ್ಟ್ರ ಐದು ಸಾಲಿನಲ್ಲಿ ಜಾಗವಿರಲಿಲ್ಲ. ಗೊತ್ತಿಲ್ಲ ಸಾರ್ ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಗಂಡನ ಹೆಸರೂ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು.

"ನಮ್ಮ ಮನೆಯವರದ್ದು" ಎಂದಳು ದುಪ್ಪಟಿಯಕ್ಕ.

ಪೆನ್ನು ಜೋಡಿಸುತ್ತಿದ್ದ ಕೈ ನಿಂತಿತು. ಬಾಗಿಲಲ್ಲಿದ್ದ ಬಾಯ್ಲರಣ್ಣ ಕೆಮ್ಮಿದ. "ಸಾರ್, ಒಂದು ಮಾತು. ಆ ವರ್ಷ ಆಸ್ಪತ್ರೆಗಳಲ್ಲಿ ಜ್ವರದವರು ತುಂಬಿ, ಬಟ್ಟೆ ಬೆಟ್ಟದ ಹಾಗೆ ಬಿದ್ದಿತ್ತಲ್ಲ. ತಂತಿ ಕಿತ್ತುಹೋಯ್ತು. ಒಂದು ಗಂಟೆ ಮೇನ್ ನಿಲ್ಲಿಸಿ ಅಂತ ಅವನು ನಿಮ್ಮನ್ನ ಕೇಳಿದ. ಹತ್ತು ನಿಮಿಷ ಅಂದ್ರಿ ನೀವು. ಹತ್ತು ನಿಮಿಷದಲ್ಲಿ ಆಗೋದನ್ನ ಮಾಡಿದ."

ಮ್ಯಾನೇಜರ್ ಒಂದು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

"ಆಮೇಲೂ ಕೇಳಿದ. ಈ ವಾರ ಬೇಡ, ಮುಂದಿನ ವಾರ ಅಂದ್ರಿ. ಆಗ ಭಾನುವಾರಾನೂ ರಜೆ ಇರ್ಲಿಲ್ಲ. ಮೂರು ಸಲ ಕೇಳಿ ಸುಮ್ಮನಾದ. ಆ ಜೋಡಣೆ ಎರಡು ಯಂತ್ರದ ಹೊರೆ ತಾಳಲ್ಲ ಅಂತ ಗೊತ್ತಿತ್ತು ಅವನಿಗೆ. ಅದಕ್ಕೇ ಬೋರ್ಡ್ ಮೇಲೆ ಬರೆದ. ಮೋಟರ್ ಬದಲಾಯಿಸಿ ಅಂತ ಅವನು ಹೇಳಿದ್ದಲ್ಲ, ಹೊರಗಿನೋರು ಹೇಳಿದ್ದು."

"ನಂಗೆ ನೆನಪಿಲ್ಲ" ಎಂದ ಮ್ಯಾನೇಜರ್. ಸ್ವಲ್ಪ ಹೊತ್ತಿನ ಮೇಲೆ, "ಇರಬಹುದು" ಎಂದ.

ಅವಳ ಕಡೆ ತಿರುಗದೆ ಕಾಗದದ ಮೇಲೆ ಸಹಿ ಮಾಡಿದ. ಕೆಲಸವೂ ಎರಡು ಕೋಣೆಯ ಮನೆಯೂ ಅವಳ ಹೆಸರಿಗಾಯಿತು. "ಆ ಬೋರ್ಡ್ ಮೇಲಿರೋದನ್ನ ಅಳಿಸಿಬಿಡಮ್ಮ. ಇನ್ನು ಅದು ಬೇಕಿಲ್ಲ. ಹೊಸಬರಿಗೆ ಗೊಂದಲ ಆಗುತ್ತೆ."

ಎಲೆಕ್ಟ್ರಿಷಿಯನ್ನಾಗಿ ಅವಳ ಮೊದಲ ಕೆಲಸ ಅದೇ ಆಯಿತು. ಒದ್ದೆ ಬಟ್ಟೆ ಹಿಡಿದು ಹಲಗೆಯ ಮುಂದೆ ನಿಂತಳು. ಹಬೆ ತುಂಬಿದ ಹಾಲ್ ಅದು. ಸೀಮೆಸುಣ್ಣ ಅಲ್ಲಿ ಒಂದು ವಾರ ನಿಲ್ಲುವುದೇ ಕಷ್ಟ. ಗಂಡ ಬದುಕಿದ್ದಾಗ ಪ್ರತಿ ಸೋಮವಾರ ತಿದ್ದುತ್ತಿದ್ದ. ಹೋಗಿ ನಾಲ್ಕು ತಿಂಗಳಾದರೂ ಅಕ್ಷರ ಮಾಸಿರಲಿಲ್ಲ. ಅದು ಅವಳಿಗೆ ಈಗ ಹೊಳೆಯಿತು.

ಹಿಂದೆ ನಿಂತಿದ್ದ ಬಾಯ್ಲರಣ್ಣ ನೆಲ ನೋಡಿದ. "ನಾನೇ ತಿದ್ದುತಿದ್ದೆ ತಂಗಿ. ಅವನು ಬರೆದ ಗೆರೆ ಮೇಲೇ. ಅಳಿಸಿಹೋದ್ರೆ ಯಂತ್ರ ಹಾಳಾಗುತ್ತಲ್ಲ ಅಂತ."

"ಹೂಂ."

"ಯಂತ್ರಕ್ಕೋಸ್ಕರ" ಎಂದು ಮತ್ತೊಮ್ಮೆ ಹೇಳಿ ಬಾಯ್ಲರ್ ಕೋಣೆಗೆ ಹೊರಟುಹೋದ.

ಅವಳು ಒರೆಸಿದಳು. ಮೊದಲ ಸಲ ಅಕ್ಷರ ಹೋದರೂ ‘ಬೇಡ’ದ ಕೆಳಗಿನ ಎರಡು ಗೆರೆ ಉಳಿದವು. ಇನ್ನೊಮ್ಮೆ ಒತ್ತಿ ಒರೆಸಿದಳು. ಬೆಳ್ಳಗಿನ ನೀರು ಹಲಗೆಯಂಚಿನಿಂದ ತೊಟ್ಟಿಕ್ಕಿ ದೊಡ್ಡ ಬೂಟಿನ ಮೇಲೆ ಬಿತ್ತು. ಒದ್ದೆ ಬಟ್ಟೆಯನ್ನು, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿದಳು.

ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕುಳಿತಿದ್ದಳು. "ಮನೆ?"

"ಇಲ್ಲೇ ಇರ್ತೀವಿ ಅತ್ತೆ."

ಮುದುಕಿ ಕಾಲು ಸರಿಸಿ ದಾರಿ ಬಿಟ್ಟಳು. ಸೊಸೆ ಒಳಗೆ ಬಂದು ಕುಳಿತು, ನಡೆದುದನ್ನೆಲ್ಲ ಹೇಳಿದಳು. ಟೇಪಿನ ಕಿವಿಯನ್ನೂ ಮುಚ್ಚಿಡಲಿಲ್ಲ. ಅತ್ತೆಯ ಹೆಬ್ಬೆರಳು ಊರುಗೋಲಿನ ಟೇಪನ್ನು ಸವರುತ್ತಿತ್ತು.

"ಚಿಕ್ಕಂದಿನಲ್ಲೂ ಹಾಗೇ" ಎಂದಳು. "ಅಂಗಿ ಗುಂಡಿ ಕಿತ್ತರೆ ದಾರದಲ್ಲಿ ಗಂಟು ಹಾಕ್ಕೊಂಡು ಬರೋನು. ನಾಳೆ ಹೊಲಿದುಕೊಡು ಅನ್ನೋನು. ನಾಳೆ ನಾನೇ ಮರೀತಿದ್ದೆ." ಆಮೇಲೆ ಕೇಳಿದಳು: "ಬೋರ್ಡಿನ ಮೇಲಿನದು ಸುಲಭವಾಗಿ ಹೋಯ್ತಾ?"

"ಎರಡು ಸಲ ಒರೆಸಬೇಕಾಯ್ತು."

ಅತ್ತೆ ತಲೆಯಾಡಿಸಿ, ಒಲೆಯ ಮೇಲಿದ್ದ ಚಹಾವನ್ನು ಲೋಟಕ್ಕೆ ಬಗ್ಗಿಸಿ ಮುಂದಿಟ್ಟಳು. ದುಪ್ಪಟಿಯಕ್ಕ ಎತ್ತಿ ಒಂದು ಗುಟುಕು ಕುಡಿದವಳು, ತಟ್ಟನೆ ಲೋಟ ಕೆಳಗಿಟ್ಟಳು.

"ಸುಡ್ತಿದೆ" ಎಂದಳು.

"ಈಗ ತಾನೇ ಇಳಿಸಿದ್ದು ಕಣೇ" ಎಂದಳು ಅತ್ತೆ. "ಊದಿಕೊಂಡು ಕುಡಿ."